ತೇಪೆ ಹಾಕದ ಜಾಗ

ಮಾರ್ಚ್ ೮, ಸಂಜೆ

ನಾಡಿದ್ದಿನ ಸ್ಕ್ರಿಪ್ಟ್ ಟೈಪ್ ಮಾಡಿ ಸಾಹೇಬರ ಮೇಜಿನ ಮೇಲಿಟ್ಟು ಬಂದೆ. ಬೆರಳ ತುದಿಯೆಲ್ಲ ಕಾರ್ಬನ್ ಮಸಿ. ಊಟಕ್ಕೆ ಕೂತಾಗ ಅತ್ತೆಯದು ಅದೇ ಮಾತು — "ಕೈ ಸರಿಯಾಗಿ ತೊಳ್ಕೋ. ಇತಿಹಾಸ ಎಲ್ಲಾ ಅನ್ನಕ್ಕೆ ಮೆತ್ಕೊಳತ್ತೆ." ಹದಿನೆಂಟು ವರ್ಷದಿಂದ ರೇಡಿಯೋಗೆ 'ಈ ದಿನ' ಬರೆಯುತ್ತಿದ್ದೇನೆ. ಹದಿನೆಂಟು ವರ್ಷದಿಂದ ಇದೇ ಜೋಕು. ಅವರ ದೊಡ್ಡ ಮಗ, ಅಂದರೆ ನಮ್ಮವರು, ಕಾಮಾಲೆಯಲ್ಲಿ ಹೋದಾಗ ಒಂದಷ್ಟು ದಿನ ನಿಲ್ಲಿಸಿದ್ದರು. ಆಮೇಲೆ ಮತ್ತೆ ಶುರು. ಈಗ ಮನೆಯಲ್ಲಿ ನಾವಿಬ್ಬರೇ. ಜಗಳವಾಡಲಿಕ್ಕೂ ಬೇರೆ ಯಾರಿಲ್ಲ.

'ಈ ದಿನ' ಅಂದರೆ ಮಹಾ ಏನಲ್ಲ. ಬೆಳಿಗ್ಗೆ ಏಳೂವರೆಯ ವಾರ್ತೆಗೆ ಮುಂಚೆ ಮೂರು ನಿಮಿಷ. ಇಂಥ ತಾರೀಖು, ಇಂಥ ವರ್ಷ, ಜಗತ್ತಿನ ಯಾವುದೋ ಮೂಲೆಯಲ್ಲಿ ಇಂಥದ್ದು ನಡೆಯಿತು. ಬರೆಯುವವಳು ನಾನು. ಓದುವವರು ಸ್ಟೇಷನ್ನಿನ ಹಳೆಯ ಅನೌನ್ಸರು. ಎಲ್ಲರ ಬಾಯಲ್ಲೂ 'ದೊಡ್ಡ ದನಿ'. ನಾನು ಮಾತ್ರ ಅಣ್ಣ ಎನ್ನುತ್ತೇನೆ.

ಉಳಿದ ದಿನಗಳೆಲ್ಲ ಸಲೀಸು. ಮಾರ್ಚ್ ಹತ್ತು ಹತ್ತಿರ ಬಂದರೆ ಒಂದೊಂದು ಸಾಲನ್ನೂ ಮೂರು ಸಲ ಓದಿ ನೋಡುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಅವತ್ತು ಬೆಳಿಗ್ಗೆ ಗಿರಣಿ ಗೇಟಿನ ಮುಂದೆ ಮುಷ್ಕರ ಕೂತಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೈದುನ ಅಲ್ಲಿದ್ದ. ಮೀಸೆ ಸರಿಯಾಗಿ ದಪ್ಪವಾಗಿರಲಿಲ್ಲ ಇನ್ನೂ. ಮನೆಗೆ ಅವನೂ ಬರಲಿಲ್ಲ, ಹೆಣವೂ ಬರಲಿಲ್ಲ. ಮೇಲಿನವರ ಪ್ರಕಾರ ಅವತ್ತು ಏನೂ ನಡೆದೇ ಇಲ್ಲ. ನನ್ನ ಪ್ರಕಾರವೂ ನಡೆದಿಲ್ಲ. ಬೇಕಾದರೆ ನನ್ನ ಹಳೆಯ ಸ್ಕ್ರಿಪ್ಟುಗಳನ್ನು ತೆಗೆದು ನೋಡಲಿ.

ಧೈರ್ಯಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಇಷ್ಟು ಬರೆಯುವುದಕ್ಕೆ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದೆ.

ಮಾರ್ಚ್ ೯, ಮಧ್ಯಾಹ್ನ

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸಾಹೇಬರ ಕರೆ. ಮೇಜಿನ ಮೇಲೆ ಸ್ಕ್ರಿಪ್ಟು, ಪಕ್ಕದಲ್ಲಿ ಹೊಟ್ಟೆಯುರಿಯ ಗುಳಿಗೆ. ಒಂದು ಐಟಂ ಹೊಡೆದು ಹಾಕಿದಾಗಲೆಲ್ಲ ಒಂದು ಗುಳಿಗೆ ನುಂಗುತ್ತಾರೆ.

"ಏನಮ್ಮಾ ಇದು?"

"ಯಾವುದು ಸರ್?"

"ಸಾವಿರಕ್ಕೂ ಹೆಚ್ಚು ಕಾರ್ಮಿಕರು ಸತ್ತರು ಅಂತ ಬರ್ದಿದೀಯಲ್ಲ! ಅದೂ ನಾಳೆಗೆ!"

"ಫ್ರಾನ್ಸಿನ ಕಲ್ಲಿದ್ದಲ ಗಣಿ ಸರ್. ೧೯೦೬. ನಮ್ಮ ತಾತಂದಿರ ಕಾಲದ್ದು."

"ಎಲ್ಲಿ ಸತ್ರೂ, ಯಾವಾಗ ಸತ್ರೂ ಕಾರ್ಮಿಕರು ಕಾರ್ಮಿಕರೇ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ಮಾರಾಯ್ತಿ. ತೇಪೆ ಹಾಕು."

ಕಪ್ಪು ಪೆನ್ನಿನಿಂದ ಅಡ್ಡಗೆರೆ. ಅಂಚಿನಲ್ಲಿ 'ತೇಪೆ' ಎಂದು ಬರೆದರು. ಗುಳಿಗೆ ನುಂಗಿದರು.

ತೇಪೆ ಅಂದರೆ ನಮ್ಮ ಆಫೀಸಿನ ಭಾಷೆ. ಹೊಡೆದು ಹಾಕಿದ ಜಾಗಕ್ಕೆ ಅಷ್ಟೇ ಉದ್ದದ, ಯಾರ ಮನಸ್ಸೂ ನೋಯದ ಇನ್ನೊಂದು ಸಂಗತಿ. ಹಕ್ಕಿ, ಹೂವು, ಯಾವುದೋ ಯಂತ್ರ. ಹಕ್ಕಿಗಳಿಗೆ ತಾರೀಖಿಲ್ಲ, ಆದ್ದರಿಂದ ಎಲ್ಲ ದಿನಕ್ಕೂ ಒದಗುತ್ತವೆ. ತೇಪೆಯನ್ನು ನಾನೇ ಟೈಪ್ ಮಾಡಿ, ಸಂಜೆಯೊಳಗೆ ಸ್ಟುಡಿಯೋದಲ್ಲಿ ಅಣ್ಣನ ಮೇಜಿಗೆ ಇಡಬೇಕು. ಕಾಗದದಲ್ಲಿ ಇಲ್ಲದ ಒಂದು ಅಕ್ಷರವೂ ಅನೌನ್ಸರ ಬಾಯಿಂದ ಬರಬಾರದು — ಹದಿನಾಲ್ಕು ವರ್ಷದಿಂದ ಇರುವ ಕಟ್ಟಪ್ಪಣೆ. ಒಂದೊಂದು ಐಟಮ್ಮಿಗೆ ಒಂದೊಂದು ಹೊತ್ತು ಗೊತ್ತು ಮಾಡಿರುತ್ತಾರೆ. ಅದಕ್ಕೆ ಮುಂಚೆ ಓದುವಂತೆಯೂ ಇಲ್ಲ, ಏಳೂವರೆಯ ಗಂಟೆ ಸದ್ದಿಗೆ ಸರಿಯಾಗಿ ಮುಗಿಯಬೇಕು.

ಗಣಿಯ ಸುದ್ದಿ ಯಾಕೆ ಬರೆದೆ? ತಾರೀಖುಗಳ ಪುಸ್ತಕದಲ್ಲಿ ಆ ದಿನದ ಕೆಳಗಿತ್ತು, ಬರೆದೆ. ಅಷ್ಟೇ ಇರಬೇಕು.

ಅದೇ ದಿನ, ಸಂಜೆ

ಮೂರೂವರೆಗೆ ಪ್ಯೂನ್ ಓಡಿ ಬಂದ. ಗಿರಣಿ ರಸ್ತೆ ಬಂದ್ ಮಾಡುತ್ತಾರಂತೆ, ನಾಲ್ಕರ ಮೇಲೆ ಬಸ್ ಇಲ್ಲವಂತೆ. ಪ್ರತಿ ವರ್ಷ ಹೀಗೇ. ಏನೂ ನಡೆಯದ ದಿನಕ್ಕೆ ಇಷ್ಟೊಂದು ಪೊಲೀಸು. ಎಲ್ಲರೂ ಬ್ಯಾಗು ಎತ್ತಿಕೊಂಡು ಓಡಿದರು. ನಾನೂ ಓಡಿದೆ.

ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ, ಆದರೆ ಒಬ್ಬರೂ ಮಾತಾಡುವುದಿಲ್ಲ. ಬೀದಿಯ ತಿರುವಿನಲ್ಲಿ ಬೂದು ಬಣ್ಣದ ವ್ಯಾನು ನಿಂತಿದೆ. ಒಳಗೆ ಯಾರಿದ್ದಾರೋ ಕಾಣುವುದಿಲ್ಲ, ಸಿಗರೇಟಿನ ಹೊಗೆ ಮಾತ್ರ ಬರುತ್ತಿದೆ.

ಅತ್ತೆ ಆಗಲೇ ಬಾಗಿಲು ಹಾಕಿ ಕೂತಿದ್ದರು. ಈ ದಿನದ ಬಗ್ಗೆ ನಾವು ಮಾತಾಡುವುದಿಲ್ಲ. ಆಲೂಗಡ್ಡೆಗೆ ಉಪ್ಪು ಜಾಸ್ತಿಯಾಗಿದೆ ಎಂದರು. ಆಗಿತ್ತು.

ಏನೋ ಮರೆತಂತೆ ಅನ್ನಿಸುತ್ತಿದೆ. ಗ್ಯಾಸ್ ನೋಡಿದೆ. ಬೀಗ ನೋಡಿದೆ. ನಲ್ಲಿ ನೋಡಿದೆ. ಎಲ್ಲ ಸರಿಯಾಗಿದೆ.

ಮಾರ್ಚ್ ೧೦, ಬೆಳಿಗ್ಗೆ ಎಂಟು

ಈಗಷ್ಟೇ ರೇಡಿಯೋ ಆರಿಸಿ ಬಂದೆ.

ಏಳು ಇಪ್ಪತ್ತೇಳು. ನಮ್ಮ ಬೀದಿಯಲ್ಲಿ ಎಲ್ಲ ಮನೆಯಲ್ಲೂ ಅದೇ ಹೊತ್ತಿಗೆ ರೇಡಿಯೋ. ಕಿಟಕಿ ತೆರೆದರೆ ಅಣ್ಣನ ದನಿ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕೇಳುತ್ತದೆ. ಅತ್ತೆ ಬಟಾಣಿ ಸುಲಿಯುತ್ತಿದ್ದರು. ನಾನು ತಲೆ ಬಾಚುತ್ತಿದ್ದೆ.

"ಸಾವಿರದ ಎಂಟುನೂರ ಎಪ್ಪತ್ತಾರು. ಟೆಲಿಫೋನಿನಲ್ಲಿ ಮೊದಲ ಮಾತು ಕೇಳಿಬಂದದ್ದು ಈ ದಿನ. ಪಕ್ಕದ ಕೋಣೆಯಲ್ಲಿದ್ದ ಸಹಾಯಕನಿಗೆ ತಂತಿಯ ಮೂಲಕ ಕೇಳಿದ ಆ ಮಾತು ಇದು: ಇಲ್ಲಿ ಬಾ, ನಿನ್ನನ್ನು ನೋಡಬೇಕು."

ಆಮೇಲೆ ಏನೂ ಇಲ್ಲ.

ಬಾಚಣಿಗೆ ತಲೆಯಲ್ಲೇ ನಿಂತಿತು. ತೇಪೆ! ತೇಪೆ ಬರೆದಿಲ್ಲ ನಾನು. ಬಸ್ಸು ಬಸ್ಸು ಎಂದು ಓಡಿ ಬಂದಿದ್ದೇನೆ. ಅಣ್ಣನ ಮುಂದೆ ಕಪ್ಪು ಗೆರೆ ಬಿಟ್ಟರೆ ಏನೂ ಇಲ್ಲ. ಓದು ಅಣ್ಣಾ, ಏನಾದರೂ ಓದು, ಮುಂದಿನದಕ್ಕೆ ಹಾರಿ ಬಿಡು — ಮನಸ್ಸಿನಲ್ಲೇ ಅರಚಿಕೊಂಡೆ. ರೇಡಿಯೋದಲ್ಲಿ ಸಣ್ಣ ಗೊರಗೊರ. ಒಂದು ಸಲ ಅವರ ಉಸಿರು ಕೇಳಿದ ಹಾಗಾಯಿತು.

ಒಂದು ಮನೆಯ ರೇಡಿಯೋ ಕೆಟ್ಟರೆ ಪಕ್ಕದ ಮನೆಯದು ಕೇಳುತ್ತದೆ. ಇದು ಇಡೀ ಬೀದಿಯೇ ಸುಮ್ಮನಾದದ್ದು. ಕೊನೆಯ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಎದುರು ಮನೆಯ ಟೈಲರು ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ನಿಂತ. ಅವನ ಹೆಂಡತಿಯೂ ಎದ್ದು ನಿಂತಳು. ಕಿಟಕಿಯಲ್ಲಿ ಕಾಣುತ್ತಿದ್ದ ಎಲ್ಲರೂ ನಿಂತಿದ್ದರು, ಸತ್ತವರಿಗೆ ನಿಲ್ಲುವ ಹಾಗೆ.

ನಲವತ್ತು ಸೆಕೆಂಡು. ಆಮೇಲೆ, ಏನೂ ಆಗದವರ ಹಾಗೆ, "ಸಾವಿರದ ಒಂಬೈನೂರ ಎಪ್ಪತ್ತೇಳು. ಯುರೇನಸ್ ಗ್ರಹದ ಸುತ್ತಲೂ ಉಂಗುರಗಳಿರುವುದು..."

ಅತ್ತೆಯ ಮಡಿಲಿನಿಂದ ಬಟಾಣಿ ಎಲ್ಲ ನೆಲದ ಮೇಲೆ. ನನ್ನನ್ನೇ ನೋಡುತ್ತಿದ್ದರು.

"ನೀನಾ?"

ಬಗ್ಗಿ ಬಟಾಣಿ ಆರಿಸತೊಡಗಿದೆ.

"ನೀನೇ. ಗೊತ್ತಾಯ್ತು ಬಿಡು. ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ."

ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅತ್ತೆ ನನಗೆ ಒಂದು ಒಳ್ಳೆಯ ಮಾತಾಡಿದ್ದು ಇದೇ ಮೊದಲು. ಇದಕ್ಕಾ? ನಾನು ಮರೆತದ್ದಕ್ಕಾ?

ಆಫೀಸಿಗೆ ಹೋಗಬೇಕು. ಅರ್ಧ ಬಾಚಿದ ತಲೆ ಹಾಗೇ ಇದೆ.

ಮಾರ್ಚ್ ೧೧

ನಿನ್ನೆ ಆಫೀಸಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಸಾಹೇಬರ ಮುಖ ಬಿಳಿಚಿ ಸುಣ್ಣವಾಗಿತ್ತು. "ತೇಪೆ ಎಲ್ಲಿ?" ಎಂದರು. "ಇಟ್ಟೆ ಅನ್ಕೊಂಡಿದ್ದೆ ಸರ್" ಎಂದೆ. ಇಟ್ಟೆ ಎಂದೂ ಅಲ್ಲ, ಇಡಲಿಲ್ಲ ಎಂದೂ ಅಲ್ಲ. ನನ್ನ ಬುದ್ಧಿ ಓಡುವುದೇ ಹೀಗೆ. ಅವರು ಕೇಳಿಸಿಕೊಳ್ಳಲೂ ಇಲ್ಲ, ಅಷ್ಟರಲ್ಲಿ ಇನ್ನೊಂದು ಫೋನು.

ಇವತ್ತು ಕ್ಯಾಂಟೀನಿನಲ್ಲಿ ಅಣ್ಣ ಒಬ್ಬರೇ ಇದ್ದರು. ಸುತ್ತ ನಾಲ್ಕು ಮೇಜು ಖಾಲಿ. ಯಾರೂ ಹತ್ತಿರ ಕೂರುವುದಿಲ್ಲ. ನಾನೂ ಮೊದಲು ಬೇರೆ ಕಡೆ ಹೋಗಿ, ಆಮೇಲೆ ನಾಚಿಕೆಯಾಗಿ ಬಂದು ಕೂತೆ.

"ಅಣ್ಣಾ, ಯಾಕೆ ಸುಮ್ಮನಾಗ್ಬಿಟ್ರಿ?"

"ಕಾಗದದಲ್ಲಿ ಏನಿತ್ತಮ್ಮಾ, ಓದೋಕೆ?"

"ನಾನು..."

"ಚಹಾ ಕುಡಿ. ಆರಿ ಹೋಗತ್ತೆ."

ನಕ್ಕರು. ಅವರು ನಗುವುದನ್ನು ನೋಡಿ ಭಯ ಇನ್ನೂ ಜಾಸ್ತಿಯಾಯಿತು.

ಮಾರ್ಚ್ ೧೨

ಅಣ್ಣನನ್ನು ಕರೆದುಕೊಂಡು ಹೋದರು.

ಮಾಮೂಲಿ ಶರ್ಟು ಪ್ಯಾಂಟಿನ ಇಬ್ಬರು. "ಆ ದನಿ ನಿಮ್ದೇನಾ?" ಎಂದು ಕೇಳಿದರು, ಆಟೋಗ್ರಾಫ್ ಬೇಕಾದವರ ಹಾಗೆ. "ಅರ್ಧ ಗಂಟೇಲಿ ಕಳಿಸ್ತೀವಿ" ಎಂದರು. ನಾನು ಟೈಪ್‌ರೈಟರಿನ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ಎದ್ದು ನಿಂತು, ತಪ್ಪು ನನ್ನದು ಎಂದು ಹೇಳಲು ನಾಲ್ಕು ಮಾತು ಸಾಕಿತ್ತು. ರಿಬ್ಬನ್ ಸರಿ ಮಾಡುವವಳ ಹಾಗೆ ನಟಿಸಿದೆ.

ಸಂಜೆಯಾದರೂ ಬರಲಿಲ್ಲ. ಅವರ ಕೊಡೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ.

ಹೊಸಬರು ಬರುವವರೆಗೆ 'ಈ ದಿನ' ನಾನೇ ಓದಬೇಕಂತೆ. ಸಾಹೇಬರ ಆರ್ಡರು. ಇನ್ನು ಮೇಲೆ ತೇಪೆಯನ್ನು ಗೋಂದು ಹಾಕಿ ಸ್ಕ್ರಿಪ್ಟಿಗೇ ಅಂಟಿಸಬೇಕು, ಮೇಲೆ ಅವರ ಸಹಿ. "ತೇಪೆ ಸಿಗಲಿಲ್ಲ ಅಂತ ಇನ್ನು ಯಾರೂ ಹೇಳೋ ಹಾಗಿಲ್ಲ" ಎಂದರು.

ಮಾರ್ಚ್ ೧೩

ಓದಿದೆ. ಕೆಂಪು ದೀಪ ಹತ್ತಿದ ಕೂಡಲೇ ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ ಶುರು ಮಾಡಿದೆ. ಹೇಗೆ ಮುಗಿಸಿದೆನೋ ನೆನಪಿಲ್ಲ. ಅತ್ತೆಯ ಅಭಿಪ್ರಾಯ: "ಇಲಿ ಓದಿದ ಹಾಗಿತ್ತು."

ಬರುವಾಗ ತರಕಾರಿಯವಳು ತೂಗಿದ ಮೇಲೆ ಇನ್ನೂ ನಾಲ್ಕು ಟೊಮ್ಯಾಟೊ ಹಾಕಿದಳು. ಬೇಡ ಎಂದೆ. ಚೀಲದ ಬಾಯಿ ಕಟ್ಟುವ ನೆಪದಲ್ಲಿ ಬಗ್ಗಿ, "ನಮ್ಮೆಜಮಾನ್ರೂ ಅವತ್ತು ಗೇಟ್ ಹತ್ರಾನೇ ಇದ್ರು ಅಕ್ಕಾ. ಇಷ್ಟು ವರ್ಷಕ್ಕೆ ಒಬ್ರಾದ್ರೂ ನೆನೆಸಿಕೊಂಡ್ರಲ್ಲ" ಎಂದಳು. ಸುತ್ತ ಯಾರಾದರೂ ಕೇಳಿಸಿಕೊಂಡರಾ ಎಂದು ನೋಡಿದೆ. ಬಸ್‌ಸ್ಟಾಪಿನಲ್ಲಿ ಒಬ್ಬ ಪೇಪರ್ ಓದುತ್ತಿದ್ದ. ಬೆಳಿಗ್ಗೆ ಹೋಗುವಾಗಲೂ ಅವನೇ ಇದ್ದ, ಅದೇ ಪುಟ.

ಮನೆಗೆ ಬಂದರೆ ರೇಡಿಯೋ ಪಕ್ಕದಲ್ಲಿ ಮೈದುನನ ಫೋಟೋ. ಟ್ರಂಕಿನ ತಳದಿಂದ ತೆಗೆದು, ಒರೆಸಿ ಇಟ್ಟಿದ್ದಾರೆ.

"ಅತ್ತೆ, ಹೊರಗಿನವರಿಗೆ ಕಾಣತ್ತೆ. ತೆಗೀರಿ."

"ಕಾಣ್ಲಿ ಅಂತಾನೇ ಇಟ್ಟಿದ್ದು. ನೀನೇ ಇಡೀ ಊರಿಗೆ ಕೇಳಿಸಿದೀಯಂತೆ, ಫೋಟೋಗೆ ಹೆದರ್ತೀಯಾ?"

ಪರದೆ ಎಳೆದೆ. ಅವರು ಮತ್ತೆ ಸರಿಸಿದರು.

ಮಾರ್ಚ್ ೧೪

ಸಾಹೇಬರು ಬಾಗಿಲು ಹಾಕಿಸಿದರು. ದನಿ ತಗ್ಗಿಸಿ, ಒಂದೇ ಉಸಿರಿಗೆ, "ನೋಡಮ್ಮಾ, ತೇಪೆ ಇರ್ಲಿಲ್ಲ ಅಂದ್ರೆ ನೀನೂ ಹೋಗ್ತೀಯ, ನಾನೂ ಹೋಗ್ತೀನಿ. ಇತ್ತು ಅಂದ್ರೆ ಅವರೊಬ್ರೇ. ಅವರಂತೂ ಒಳಗೆ ಹೋಗಿ ಆಗಿದೆ. ಇವತ್ತೇ ಒಂದು ತೇಪೆ ಬರ್ದುಬಿಡು. ಒಂಬತ್ತನೇ ತಾರೀಖು ಹಾಕು."

ಬರೆದೆ. ಹಕ್ಕಿಯದೇ. ಚಳಿಗಾಲ ಮುಗಿದು ಹಕ್ಕಿಗಳು ಗೂಡಿಗೆ ಹಿಂದಿರುಗುವ ಕಾಲ ಇದು, ಎಷ್ಟೇ ದೂರ ಹೋದರೂ ಅವು ದಾರಿ ತಪ್ಪುವುದಿಲ್ಲ. ಒಂಬತ್ತರ ತಾರೀಖು ಹಾಕಿದೆ. ಸ್ಟುಡಿಯೋದಲ್ಲಿ ಇಟ್ಟಿದ್ದೆ ಎಂದು ಸಹಿ ಹಾಕಿದೆ. ಕೈ ಒಂದಿಷ್ಟೂ ನಡುಗಲಿಲ್ಲ. ನಡುಗಬೇಕಾದಾಗ ನಡುಗುವುದಿಲ್ಲ ಹಾಳಾದ್ದು.

ಸಾಹೇಬರು ನನಗೂ ಒಂದು ಗುಳಿಗೆ ಕೊಟ್ಟರು.

ಮಾರ್ಚ್ ೨೦

ಇಷ್ಟು ದಿನ ಈ ಡೈರಿ ಮುಟ್ಟಲಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೆ.

ಮೆಟ್ಟಿಲಿನ ಒಂದು ಕಲ್ಲು ಸಡಿಲ, ಯಾರು ಹತ್ತಿದರೂ ಟಕ್ ಎನ್ನುತ್ತದೆ. ಆ ಸದ್ದಾದಾಗಲೆಲ್ಲ ಜೀವ ಬಾಯಿಗೆ ಬರುತ್ತದೆ. ಹಾಲಿನವನು, ಮೇಲಿನ ಮನೆಯ ಮಗು, ಯಾರೇ ಆದರೂ. ಇವತ್ತು ಸಂಜೆ ಟಕ್ ಎಂದಿತು. ನಮ್ಮ ಬಾಗಿಲಲ್ಲೇ ನಿಂತಿತು. ತೆರೆದರೆ ಅತ್ತಿಗೆ — ಅಣ್ಣನ ಹೆಂಡತಿ.

ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ಅತ್ತೆಗೆ ಕೇಳದ ಹಾಗೆ ಮಾತಾಡಿದರು.

"ಹಿಡಿಯೋಕೆ ಬರ್ತಾರೆ ಅಂತ ಅವರಿಗೆ ಹಿಂದಿನ ದಿನವೇ ಗೊತ್ತಿತ್ತು. ನಿಮಗೆ ಒಂದು ಮಾತು ಹೇಳು ಅಂದ್ರು. 'ಅವತ್ತು ತೇಪೆ ಬಂದಿತ್ತು, ನಾನೇ ಓದಲಿಲ್ಲ ಅಂತ ಹೇಳ್ತೀನಿ, ನೀನೂ ಹಾಗೇ ಹೇಳು' ಅಂತ."

"ಬಂದಿರ್ಲಿಲ್ಲ ಅತ್ತಿಗೆ! ನಾನು ಮರೆತೆ. ಬಸ್ಸಿಗೆ ಓಡ್ಬಿಟ್ಟೆ!"

"ಗೊತ್ತು. ಅವರಿಗೂ ಗೊತ್ತು. 'ಮೊದಲು ಬಾಗಿಲು ನೋಡಿದೆ, ಓಡಿ ಬರ್ತಾಳೇನೋ ಅಂತ. ಆಮೇಲೆ ತಾರೀಖು ನೋಡಿದೆ. ಹೊತ್ತಿಗೆ ಮುಂಚೆ ಆದ್ರೂ ಮುಂದಿನದನ್ನ ಓದಬಹುದಿತ್ತು, ಬಾಯಿ ಬರಲಿಲ್ಲ' ಅಂದ್ರು." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಹದಿನಾಲ್ಕು ವರ್ಷದ ಹಿಂದೆ ಅವತ್ತು ಸಂಜೆ, ಊರು ಶಾಂತವಾಗಿದೆ, ಯಾರಿಗೂ ಏನೂ ಆಗಿಲ್ಲ ಅಂತ ಓದಿದ್ದೂ ಅವರೇ ಅಲ್ವಾ. ಅದೂ ಕಾಗದದಲ್ಲಿ ಇತ್ತು. ಅವತ್ತಿನಿಂದ ಸರಿಯಾಗಿ ಊಟ ಮಾಡಿದ್ದು ನಾನು ನೋಡಿಲ್ಲ. ಈ ಹತ್ತನೇ ತಾರೀಖು ಎರಡು ಸಲ ಬಡಿಸ್ಕೊಂಡ್ರು. ಮರೆತದ್ದು ಅಂತ ಮಾತ್ರ ಯಾರಿಗೂ ಹೇಳ್ಬೇಡಿ ಅಂದಿದಾರೆ. ಜನ ಎದ್ದು ನಿಂತಿದ್ರಂತೆ. ಮರೆತದ್ದಕ್ಕೆ ನಿಂತ್ವಿ ಅಂತ ಅವರಿಗೆ ಗೊತ್ತಾಗಬಾರದು ಅಂತ."

ನಾನು ಆಗಲೇ ಸಹಿ ಹಾಕಿದ್ದೇನೆ ಎಂದು ಹೇಳಲಿಲ್ಲ. ಅಣ್ಣ ಹೇಳಿಕಳಿಸಿದ್ದನ್ನೇ ಮಾಡಿದ್ದೇನೆ, ಆದರೆ ಅವರಿಗೋಸ್ಕರ ಅಲ್ಲ. ಚರ್ಮ ಉಳಿಸಿಕೊಳ್ಳಲಿಕ್ಕೆ.

ಹೊರಡುವಾಗ ಬಾಗಿಲಲ್ಲಿ ನಿಂತು, ಬೇರೆ ಏನೋ ಹೇಳುವವರ ಹಾಗೆ, "ತಿಂಗಳ ಕೊನೆಗೆ ದೂರದ ಜೈಲಿಗೆ ಕಳಿಸ್ತಾರಂತೆ. ಅಲ್ಲಿ ಮುಖ ನೋಡೋಕೂ ಬಿಡಲ್ಲ. ವಾಪಸ್ ಬಂದವರನ್ನ ನಾನಂತೂ ಕಂಡಿಲ್ಲ" ಎಂದರು.

ಅಣ್ಣನ ಕೊಡೆ ಇನ್ನೂ ಆಫೀಸಿನಲ್ಲೇ ಇದೆ ಎಂದು ಹೇಳಲು ಮರೆತೆ. ಮರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮಾರ್ಚ್ ೨೧

ಧೈರ್ಯ ಮಾಡಿ ಸಾಹೇಬರ ಹತ್ತಿರ ಹೋದೆ. "ಸರ್, ನಾನು ಮರೆತಿದ್ದೆ ಅಂತ ಬರ್ಕೊಡ್ತೀನಿ. ಅವರನ್ನ ಬಿಡ್ಲಿ."

ಮೇಲೆ ಕೆಳಗೆ ನೋಡಿದರು. "ಈಗ ಯಾರು ನಂಬ್ತಾರೆ? ತೇಪೆ ಇದೆ. ನಿನ್ನ ಸಹಿ ಇದೆ. ನಾನೇ ಮಾಡಿದ್ದು ಅಂತ ಅವರೇ ಒಪ್ಕೊಂಡಿದಾರೆ. ಈಗ ಹೋಗಿ ಮರೆತೆ ಅಂದ್ರೆ ಮೂವರೂ ಒಳಗೆ. ಮನೆಗೆ ಹೋಗು."

ಮನೆಗೆ ಬಂದೆ. ಸಾಹೇಬರ ಕೋಣೆಯಿಂದ ಹೊರಗೆ ಬಂದ ಕೂಡಲೇ ಮನಸ್ಸು ಹಗುರಾಗಿತ್ತು. ಅದನ್ನೂ ಬರೆದಿಡುತ್ತೇನೆ. ಹಗುರಾಯಿತು.

ಮಾರ್ಚ್ ೨೩

ಅತ್ತೆಗೆ ಹೇಳಿಬಿಟ್ಟೆ. ಹೇಳಬೇಕೆಂದಿರಲಿಲ್ಲ. ಬೆಳಿಗ್ಗೆ ನನ್ನ ತಟ್ಟೆಗೆ ಎರಡು ಮೊಟ್ಟೆ ಹಾಕಿದರು, ಅವರಿಗೆ ಒಂದು. ಯಾವತ್ತೂ ಹೀಗೆ ಮಾಡಿದವರಲ್ಲ. ಒಂದನ್ನು ಅವರ ತಟ್ಟೆಗೆ ವಾಪಸ್ ಹಾಕಿದೆ.

"ಅತ್ತೆ, ಅವತ್ತು ನಾನು ಬೇಕಂತ ಮಾಡಿದ್ದಲ್ಲ. ಬರೆಯೋದು ಮರೆತೆ. ಅಷ್ಟೇ."

ಅವರು ಚಮಚ ಕೆಳಗಿಟ್ಟರು. ತುಂಬ ಹೊತ್ತು ಮೇಜಿನ ಮೇಲೆ ಬಿದ್ದ ಉಪ್ಪನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದರು.

"ಅಂದ್ಕೊಂಡೆ" ಎಂದರು. "ನಿನಗೆ ಅಷ್ಟು ಎದೆ ಎಲ್ಲಿಂದ ಬರಬೇಕು. ಜಿರಲೆ ಕಂಡ್ರೆ ಸ್ಟೂಲ್ ಹತ್ತೋಳು."

"ಮತ್ತೆ ಯಾಕೆ..."

"ನಂಬೋಕೆ ಚೆನ್ನಾಗಿತ್ತು. ನನ್ನ ಮಗನನ್ನ ನನ್ನ ಬಿಟ್ಟು ಈ ಮನೇಲಿ ಇನ್ನೊಬ್ರು ನೆನೆಸಿಕೊಂಡಿದಾರೆ ಅಂತ. ಇರ್ಲಿ ಬಿಡು. ಮೊಟ್ಟೆ ತಿನ್ನು."

ಎದ್ದು ಹೋಗಿ ಫೋಟೋ ತೆಗೆದು ಟ್ರಂಕಿಗೆ ಹಾಕಿದರು. ಪರದೆಯನ್ನೂ ಎಳೆದರು. ಹತ್ತು ದಿನದಿಂದ ನಾನು ಕೇಳಿಕೊಂಡದ್ದು ಅದನ್ನೇ. ಮುಚ್ಚಿದ ಕಿಟಕಿಯ ಮುಂದೆ ಕೂತು ನಾನು ಅತ್ತುಬಿಟ್ಟೆ. ನಾನೂ ಅವನನ್ನು ನೆನೆಸಿಕೊಳ್ಳುತ್ತೇನೆ. ಆಗ ಮನೆಯಲ್ಲಿದ್ದ ನನ್ನ ಟೈಪ್‌ರೈಟರಿಗೆ ಎಣ್ಣೆ ಬಿಡುತ್ತಿದ್ದವನು ಅವನೇ. 'ಅತ್ತಿಗೆ, ಇದು ಮೆಷಿನ್‌ಗನ್ ಥರ ಸದ್ದು ಮಾಡತ್ತೆ' ಎಂದು ನಗುತ್ತಿದ್ದ. ಹೇಳಿದ್ದರೆ ಅತ್ತೆ ನಂಬುತ್ತಿದ್ದರಾ? ಹದಿನಾಲ್ಕು ವರ್ಷ ಒಂದು ದಿನವೂ ಹೇಳಿಲ್ಲ.

ಮಾರ್ಚ್ ೨೬

ಮೂವತ್ತನೇ ತಾರೀಖಿನ ಸ್ಕ್ರಿಪ್ಟಿಗೆ ತಾರೀಖುಗಳ ಪುಸ್ತಕ ತೆಗೆದೆ. ೧೮೪೨, ನೋವು ಗೊತ್ತಾಗದ ಹಾಗೆ ಈಥರ್ ಕೊಟ್ಟು ಮೊದಲ ಶಸ್ತ್ರಚಿಕಿತ್ಸೆ. ೧೮೫೮, ತುದಿಗೆ ರಬ್ಬರ್ ಇರುವ ಪೆನ್ಸಿಲ್ಲಿಗೆ ಪೇಟೆಂಟ್. ಒಳ್ಳೆಯ ಜೋಡಿ, ಸಾಹೇಬರಿಗೆ ಇಷ್ಟವಾಗುವಂಥದ್ದು.

ಅದರ ಕೆಳಗೆ ೧೯೦೬. ಅದೇ ಗಣಿ. ಸ್ಫೋಟವಾಗಿ ಇಪ್ಪತ್ತು ದಿನದ ಮೇಲೆ, ಎಲ್ಲರೂ ಸತ್ತರೆಂದು ಕೈಬಿಟ್ಟ ಮೇಲೆ, ಹದಿಮೂರು ಜನ ಕತ್ತಲಲ್ಲಿ ತಡಕಾಡಿ ಜೀವಂತ ಮೇಲೆ ಬಂದರು.

ಪುಸ್ತಕ ಮುಚ್ಚಿದೆ. ಮತ್ತೆ ತೆರೆದೆ.

ಒಂದು ಯೋಚನೆ ಬಂತು. ಬಂದ ಕೂಡಲೇ ಪುಸ್ತಕ ದೂರ ತಳ್ಳಿದೆ. ಅಣ್ಣ ಒಳಗಿರುವಾಗಲೇ ರೇಡಿಯೋದಲ್ಲಿ ಇನ್ನೊಂದು ಮೌನ ಬಿದ್ದರೆ? ಮೊದಲನೆಯದೂ ಅವರದಲ್ಲ ಎಂದಾಗುತ್ತದೆ. ಎರಡೂ ನನ್ನದೇ, ಆ ತೇಪೆ ನಾನು ಆಮೇಲೆ ಬರೆದದ್ದು ಎಂದರೆ ಆಗ ನಂಬಲೇಬೇಕು. ಮರೆತದ್ದು ಎಂದು ಯಾರೂ ಅನ್ನುವ ಹಾಗೂ ಇಲ್ಲ. ಮರೆತದ್ದೆಂದು ಜನಕ್ಕೆ ಗೊತ್ತಾಗಬಾರದು, ಅಣ್ಣ ಕೇಳಿದ್ದೂ ಅದನ್ನೇ.

ಬೇಡ. ಹುಚ್ಚು. ಅತ್ತೆಗೆ ಯಾರು? ಮಂಡಿ ನೋವಿಗೆ ಎಣ್ಣೆ ಹಚ್ಚುವವರು ಯಾರು? ನನ್ನನ್ನು ಹೊಡೆದರೆ? ಹೊಡೆಯದಿದ್ದರೂ, ಆ ವ್ಯಾನಿನ ಬಾಗಿಲು ಮುಚ್ಚುವ ಸದ್ದಿಗೇ ನಾನು ಸಾಯುತ್ತೇನೆ.

ಮೂರನೇ ಐಟಂ ಟೈಪ್ ಮಾಡಿಲ್ಲ.

ಮಾರ್ಚ್ ೨೮

ಟೈಪ್ ಮಾಡಿದೆ. ಸಾಹೇಬರು ಹೊಡೆದು ಹಾಕಲಿ ಎಂದೇ ಬರೆದೆ. ಹೊಡೆಯದೆ ಬಿಟ್ಟರೆ ಓದುತ್ತೇನೆ, ಹದಿಮೂರು ಜನ ಬದುಕಿ ಬಂದರು ಎಂದು ಊರಿಗೆ ಕೇಳಲಿ. ಹೊಡೆದರೆ ಜಾಗ ಖಾಲಿಯಾಗುತ್ತದೆ.

ಇಷ್ಟು ಬರೆದ ಮೇಲೆ ಎರಡು ಸಲ ವಾಂತಿಯಾಯಿತು. ಆಲೂಗಡ್ಡೆ ಸರಿ ಬೆಂದಿರಲಿಲ್ಲ ಎಂದು ಅತ್ತೆಗೆ ಹೇಳಿದೆ.

ಮಾರ್ಚ್ ೨೯, ಸಂಜೆ

"ಮತ್ತೆ ಗಣಿ! ನಿನಗೇನು ಗಣಿ ಹುಚ್ಚು ಹಿಡಿದಿದೆಯಾ?"

"ಇದರಲ್ಲಿ ಯಾರೂ ಸಾಯಲ್ಲ ಸರ್. ಬದುಕಿ ಬರ್ತಾರೆ."

"ಅದೇ ಇನ್ನೂ ಅಪಾಯ" ಎಂದರು. ಆ ಮನುಷ್ಯನಿಗೂ ಬುದ್ಧಿಯಿದೆ. ಕಪ್ಪು ಗೆರೆ, ಗುಳಿಗೆ. ನಾನು ಅಲ್ಲೇ ನಿಂತು ತೇಪೆ ಬರೆದೆ. ಮತ್ತೆ ಹಕ್ಕಿ. ಅವರ ಕಣ್ಣೆದುರಿಗೇ ಗೋಂದು ಹಚ್ಚಿ ಅಂಟಿಸಿದೆ. ಮೇಲೆ ಸಹಿ ಹಾಕಿದರು. ಭದ್ರವಾಗಿ ಕೂತಿದೆಯಾ ಎಂದು ಉಗುರಿನಿಂದ ಅಂಚು ಕೆರೆದು ನೋಡಿದರು.

ಕೂತಿದೆ. ನಾಳೆ ಅದು ನನ್ನ ಕಣ್ಣ ಮುಂದೆಯೇ ಇರುತ್ತದೆ. ತೇಪೆ ಸಿಗಲಿಲ್ಲ, ಮರೆತೆ, ಬಸ್ಸು ಹೊರಟಿತ್ತು... ಯಾವುದೂ ಹೇಳುವ ಹಾಗಿಲ್ಲ.

ಸ್ಟುಡಿಯೋದಿಂದ ಅಣ್ಣನ ಕೊಡೆ ತಂದು ಅತ್ತಿಗೆಯ ಮನೆಗೆ ಕೊಟ್ಟು ಬಂದೆ. "ಅವರು ಬಂದಾಗ ಬೇಕಾಗತ್ತೆ" ಎಂದೆ. ಅತ್ತಿಗೆ ಏನೂ ಕೇಳಲಿಲ್ಲ, ನನ್ನ ಕೈ ಹಿಡಿದುಕೊಂಡರು. ಮನೆಗೆ ಬರುವಾಗ ವ್ಯಾನು ತಿರುವಿನಲ್ಲಿ ಇರಲಿಲ್ಲ. ಇಲ್ಲದಿದ್ದರೆ ಇನ್ನೂ ಭಯ, ಎಲ್ಲಿ ಹೋಯಿತೋ ಎಂದು.

ಅತ್ತೆಗೆ ಏನೂ ಹೇಳಿಲ್ಲ. "ನಾಳೆ ರೇಡಿಯೋ ತಪ್ಪದೆ ಕೇಳಿ" ಎಂದೆ ಅಷ್ಟೇ. "ಇಲಿ ಓದೋದನ್ನ ದಿನಾ ಕೇಳ್ತಾನೇ ಇದೀನಲ್ಲ" ಎಂದರು.

ಮಾರ್ಚ್ ೩೦, ಬೆಳಿಗ್ಗೆ

ಆರು ಗಂಟೆಯ ಬಸ್ಸು. ಈ ಡೈರಿ ಮನೆಯಲ್ಲೇ ಇರಲಿ. ಒಲೆಗೆ ಹಾಕಿಬಿಡಿ ಎಂದು ಅತ್ತೆಗೆ ಹೇಳಬೇಕು.

ಹೆದರಿಕೆ ಹೋಗಿಲ್ಲ. ಧೈರ್ಯ ಬಂದವರಿಗೆ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಸುಳ್ಳು. ಸೆರಗಿಗೆ ಪಿನ್ ಹಾಕಲು ಮೂರು ಸಲ ನೋಡಿದೆ, ಆಗಲಿಲ್ಲ. ಪೆನ್ಸಿಲ್ಲಿನ ರಬ್ಬರಿನ ತನಕ ಓದಬೇಕು. ಆಮೇಲೆ ನಲವತ್ತು ಸೆಕೆಂಡು, ಕಾಗದದಲ್ಲಿ ಹಕ್ಕಿ ನೋಡುತ್ತ ಸುಮ್ಮನಿರಬೇಕು. ಅಷ್ಟೇ ಕೆಲಸ. ಹದಿನಾಲ್ಕು ವರ್ಷ ಸುಮ್ಮನಿದ್ದವಳಿಗೆ ಇದೇನು ಕಷ್ಟವೇ ಎಂದು ನಗಲು ನೋಡಿದೆ. ನಗು ಬರಲಿಲ್ಲ.

ಈಗ ನೋಡಿದರೆ ಪರದೆ ಸರಿಸಿದೆ. ಫೋಟೋ ರೇಡಿಯೋ ಪಕ್ಕದಲ್ಲಿ ಬಂದು ಕೂತಿದೆ. ಯಾವಾಗ ಎದ್ದರೋ, ನಾನು ಹೇಳದೇ ಹೇಗೆ ಗೊತ್ತಾಯಿತೋ. ಆ ವಾಂತಿಗೆ ಆಲೂಗಡ್ಡೆಯ ಕಾರಣ ಅವರು ನಂಬಿರಲಿಲ್ಲ ಅಂತ ಕಾಣುತ್ತದೆ. ನನ್ನ ಬ್ಯಾಗು ಉಬ್ಬಿದೆ. ತೆರೆದರೆ ಒಳಗೆ ಅವರ ದಪ್ಪ ಸ್ವೆಟರು, ಎರಡು ಜೊತೆ ಕಾಲುಚೀಲ.

"ಇದೇನತ್ತೆ, ಮಾರ್ಚ್ ತಿಂಗಳಲ್ಲಿ?"

"ಇರ್ಲಿ. ಅಂಥ ಕಡೆ ನೆಲ ತಣ್ಣಗಿರತ್ತೆ." ನನ್ನ ಕೈಯಿಂದ ಪಿನ್ ಕಿತ್ತುಕೊಂಡು ಸೆರಗಿಗೆ ಹಾಕಿದರು. ಅವರೂ ಒಂದು ಸಲ ಬೆರಳಿಗೆ ಚುಚ್ಚಿಕೊಂಡರು. "ಮೆಲ್ಲಗೆ ಓದು. ಇಲಿ ಥರ ಬೇಡ. ನಾನು ಎದ್ದು ನಿಂತಿರ್ತೀನಿ."

ಮಂಡಿ ನೋವಿದೆ, ಕೂತೇ ಕೇಳಿ ಎಂದೆ. ಕೇಳುವವರಲ್ಲ.

ಅವನು ಟೈಪ್‌ರೈಟರಿಗೆ ಎಣ್ಣೆ ಬಿಡುತ್ತಿದ್ದ ಕಥೆ ಅವರಿಗೆ ಹೇಳಬೇಕು. ಈಗ ಹೊತ್ತಿಲ್ಲ, ಬಸ್ಸಿನ ಹಾರನ್ ಕೇಳುತ್ತಿದೆ. ಬಂದ ಮೇಲೆ